ಕೋಟಿನ ಎಡತೋಳು

“ಎಡತೋಳು ಇಪ್ಪತ್ತನಾಲ್ಕೇ ಅಲ್ವೇನೇ?” ಮೇಜಿನ ಮೇಲೆ ಹರಡಿದ ಕೋಟಿನ ಬಟ್ಟೆಯ ಮೇಲೆ ಟೇಪು ಹಿಡಿದು ಟೈಲರ್ ಕೇಳಿದ.

ಕಾಜಾ ಹೊಲಿಯುತ್ತಿದ್ದ ಹೆಂಡತಿ ತಲೆಯೆತ್ತಿ ನೋಡಿದಳು, ಮತ್ತೆ ತಗ್ಗಿಸಿದಳು. ಹೂಂ ಎನ್ನುವಂತಿಲ್ಲ, ಉಹೂಂ ಎನ್ನುವಂತಿಲ್ಲ. ಕೌನ್ಸೆಲಿಂಗ್ ಮೇಡಂ ಕಟ್ಟುನಿಟ್ಟಾಗಿ ಹೇಳಿದ್ದರು: “ನೀವು ಸರಿಯಾಗಿದೆ ಅಂದ್ರೆ ಅವರ ಆತಂಕ ಐದು ನಿಮಿಷ ಮಲಗುತ್ತೆ, ಎದ್ದು ಇನ್ನೊಂದು ಪ್ರಶ್ನೆ ಕೇಳುತ್ತೆ. ಎರಡೇ ಸಲ ಅಳೀಲಿ, ಆಮೇಲೆ ಕತ್ತರಿಸಲಿ. ಎದೆ ಹೊಡ್ಕೊಂಡ್ರೆ ಹೊಡ್ಕೊಳ್ಳಲಿ ಬಿಡಿ.”

ಇಪ್ಪತ್ತು ವರ್ಷ ಕಣ್ಣುಮುಚ್ಚಿ ಕತ್ತರಿ ಆಡಿಸಿದವನು ಮೂರು ತಿಂಗಳಿಂದ ಹೊಸ ಬಟ್ಟೆ ಕತ್ತರಿಸಿರಲಿಲ್ಲ. ತಪ್ಪಿಬಿಟ್ಟರೆ ಎಂದು ಅಂಗೈ ಬೆವರುತ್ತಿತ್ತು, ಉಸಿರು ಕಟ್ಟುತ್ತಿತ್ತು. ಅಳೆದೂ ಸುರಿದೂ ಕೊನೆಗೆ ಬಟ್ಟೆ ಮಡಿಸಿಟ್ಟು, ಯಾರದೋ ಹಳೆ ಪ್ಯಾಂಟಿಗೆ ಜಿಪ್ ಹಾಕುತ್ತ ಕೂರುತ್ತಿದ್ದ. ಹೀಗೇ ಆದರೆ ಅಂಗಡಿಯ ಬಾಗಿಲು ಹಾಕಬೇಕಿತ್ತು.

“ನಿನ್ನನ್ನೇ ಕೇಳಿದ್ದು ಕಣೇ.”

“ಕೇಳಿಸ್ತು.”

“ಹಾಗಾದ್ರೆ ಹೇಳು.”

“ಕತ್ತರಿಸ್ರೀ ಸುಮ್ನೆ.”

ಅವನು ಅಂಗೈಯನ್ನು ಅಂಗಿಗೆ ಒರೆಸಿಕೊಂಡ. ಎದೆ ಡವಡವ ಹೊಡೆದುಕೊಂಡಿತು. ಹೊಡೆದುಕೊಳ್ಳಲಿ ಎಂದು ಬಿಟ್ಟ. ಕತ್ತರಿ ಕರಕರ ಓಡಿತು, ತೋಳು ಬಿಡಿಯಾಗಿ ಕೈಗೆ ಬಂತು. ಮತ್ತೆ ಅಳತೆ ಪುಸ್ತಕ ನೋಡಿದ. ಇಪ್ಪತ್ತೈದು ಎಂದಿತ್ತು. ಅವನು ಎರಡು ಸಲವೂ ಓದಿದ್ದು ಮೇಲಿನ ಸಾಲಿನ ಗಿರಾಕಿಯ ಅಳತೆಯನ್ನು.

“ನಿಂಗೆ ಗೊತ್ತಿತ್ತಾ?”

“ಗೊತ್ತಿತ್ತು. ನಾನೇ ಬರ್ಕೊಂಡಿದ್ದಲ್ವಾ.”

“ಮತ್ತೆ ಬಾಯಲ್ಲೇನು ಬೀಗ ಇತ್ತಾ?”

“ಮೇಡಂ ಹೇಳ್ಬೇಡಿ ಅಂದಿದ್ರಲ್ಲ,” ಎಂದಳು. ಮೂರು ತಿಂಗಳ ಪಾಡೆಲ್ಲ ತನ್ನಿಂದ ನೀರುಪಾಲಾಯಿತು ಎಂದು ಅವಳಿಗೆ ಅನ್ನಿಸಿತು. ಅವನು ಸ್ಟೂಲಿನ ಮೇಲೆ ಕುಸಿದದ್ದನ್ನು ಕಂಡು ನೀರಿನ ಲೋಟ ಹಿಡಿದು ಓಡಿದಳು.

ಅವನ ಉಸಿರು ಮೇಲೆಮೇಲೆ ಬಂತು. ಸ್ವಲ್ಪ ಹೊತ್ತಿಗೆ ತಾನಾಗಿಯೇ ಇಳಿಯಿತು. ಕಟ್ಟಡ ಬಿದ್ದಿರಲಿಲ್ಲ, ಬೀದಿಯಲ್ಲಿ ಎಂದಿನಂತೆ ಯಾರೋ ಸ್ಕೂಟರಿಗೆ ಒದೆಯುತ್ತಿದ್ದರು. ಅವನು ಗಿಡ್ಡ ತೋಳನ್ನು ತಿರುಗಿಸಿ ಮುರುಗಿಸಿ ನೋಡಿದ.

“ಇದೇ ಆಗ್ಬಾರ್ದು ಅಂತ ತಾನೇ ಸಾಯ್ತಿದ್ದಿದ್ದು? ಆಗೇಹೋಯ್ತಲ್ಲೇ.”

ಫೋನು ಎತ್ತಿಕೊಂಡು, ಮೂರು ತಿಂಗಳಿಂದ ಕಾಯುತ್ತಿದ್ದ ಗಿರಾಕಿಗೆ ಕರೆ ಮಾಡಿದ. ಮುಖದಲ್ಲಿ ಮಗಳ ಫಲಿತಾಂಶ ಹೇಳುವ ಅಪ್ಪನ ಕಳೆ.

“ಸಾರ್, ಒಳ್ಳೇ ಸುದ್ದಿ. ನಿಮ್ಮ ಕೋಟಿನ ಒಂದು ತೋಳು ಹಾಳು ಮಾಡಿದ್ದೀನಿ.”