ತಟ್ಟೆಯ ಹನ್ನೆರಡನೆಯದು

ಮರೆತದ್ದು ಮಾಯವಾಗುವ ಆ ಊರಿನ ಶಾಲೆಯಲ್ಲಿ ಮೊದಲ ಪೀರಿಯಡ್ಡು ಯಾವಾಗಲೂ ತಟ್ಟೆಯಾಟದ್ದೇ. ದಾಕ್ಷಾಯಿಣಿ ಟೀಚರ್ ತಟ್ಟೆಯಲ್ಲಿ ಹನ್ನೆರಡು ಸಾಮಾನು ಇಟ್ಟು, ಮಕ್ಕಳಿಗೆ ಒಂದು ನಿಮಿಷ ತೋರಿಸಿ, ಬಟ್ಟೆ ಮುಚ್ಚುತ್ತಿದ್ದರು. ಮಕ್ಕಳು ಹೆಸರಿಸಿದ್ದು ಉಳಿಯುತ್ತಿತ್ತು. ಬಿಟ್ಟದ್ದು ತಟ್ಟೆಯಿಂದಲೂ ಹೋಗುತ್ತಿತ್ತು, ಇಟ್ಟವರ ಮನಸ್ಸಿನಿಂದಲೂ ಹೋಗುತ್ತಿತ್ತು. ಹೋದರೆ ಹೋಗಲಿ ಎಂದು ಸೀಮೆಸುಣ್ಣ, ಹುಣಸೆಬೀಜಗಳನ್ನೇ ಇಡುವುದು ವಾಡಿಕೆ. ಮನೆಯ ಸಾಮಾನು ತರಬಾರದೆಂದು ಹೆಡ್ಮಾಸ್ತರರ ಕಟ್ಟಪ್ಪಣೆ. ಇಟ್ಟವರು ಉತ್ತರ ಹೇಳುವಂತೆಯೂ ಇರಲಿಲ್ಲ.

ಆದರೆ ತೀರಿಹೋದ ಮಗಳ ಮುಖ ಟೀಚರಿಗೆ ಈಚೆಗೆ ಮಸುಕಾಗತೊಡಗಿತ್ತು. ಅವಳನ್ನು ನೆನೆಯಲು ಬೇರೆ ಯಾರೂ ಉಳಿದಿರಲಿಲ್ಲ. ಮೂವತ್ತು ಮಕ್ಕಳ ತಲೆಯಲ್ಲಿ ಕೂತರೆ ಭದ್ರ ಎಂದುಕೊಂಡು, ಆ ದಿನ ಅವಳ ಕಾಲ್ಗೆಜ್ಜೆಯನ್ನು ಸೆರಗಿನ ಗಂಟಿನಲ್ಲಿ ತಂದು ತಟ್ಟೆಯಲ್ಲಿಟ್ಟರು. ಅಷ್ಟರಲ್ಲಿ ಹೆಡ್ಮಾಸ್ತರರು ಬಾಗಿಲ ಮುಂದೆ ಹಾದುಹೋದರು. ಟೀಚರ್ ಗಾಬರಿಯಿಂದ ಗೆಜ್ಜೆಯನ್ನು ತಟ್ಟೆಯಲ್ಲೇ ಇದ್ದ ಡಸ್ಟರಿನ ಅಡಿಗೆ ಸರಿಸಿದರು, ಸರಿಸಿದ್ದನ್ನು ಮರೆತೇ ಮಕ್ಕಳಿಗೆ ತಟ್ಟೆ ತೋರಿಸಿ ಬಟ್ಟೆ ಮುಚ್ಚಿದರು.

ಮಕ್ಕಳು ಹನ್ನೊಂದು ಹೆಸರು ಹೇಳಿ ನಿಲ್ಲಿಸಿದರು.

"ಇನ್ನೊಂದಿದೆ ಕಣ್ರೋ. ಸ್ವಲ್ಪ ಯೋಚ್ನೆ ಮಾಡಿ."

ಮಕ್ಕಳು ಬೆರಳು ಮಡಿಸಿ ಮತ್ತೆ ಅದೇ ಹನ್ನೊಂದನ್ನು ಎಣಿಸಿದರು. ನಿಯಮ ಹಾಳಾಗಿ ಹೋಗಲಿ, ತಾವೇ ಹೇಳಿಬಿಡೋಣ ಎಂದು ಟೀಚರ್ ಬಾಯಿ ತೆರೆದರು. ತೆರೆದ ಬಾಯಿ ಹಾಗೇ ಉಳಿಯಿತು. ಏನು ಹೇಳಬೇಕೆಂದಿದ್ದೆ?

ಬಟ್ಟೆ ಎತ್ತಿದರು. ಹನ್ನೊಂದಿದ್ದವು.

"ಟೀಚರ್, ಬೋರ್ಡ್ ಮೇಲೆ ಹನ್ನೆರಡು ಅಂತ ಬರ್ದಿದ್ದೀರಲ್ಲ," ಎಂದಳು ಮುಂದಿನ ಬೆಂಚಿನ ರುಕ್ಸಾನಾ.

"ನಂದೇ ತಪ್ಪು ಕಣಮ್ಮ," ಎಂದು ನಕ್ಕು, ಟೀಚರ್ ಅದನ್ನು ಒರೆಸಿ ಹನ್ನೊಂದು ಎಂದು ಬರೆದರು.

ಸೆರಗಿನ ತುದಿ ಮಾತ್ರ ಗಂಟು ಬಿಚ್ಚಿದಂತೆ ಸುಕ್ಕಾಗಿತ್ತು. ಸಂಜೆಯವರೆಗೂ ಅವರ ಕೈ ಅದನ್ನೇ ತಡವುತ್ತಿತ್ತು.