ಹಗ್ಗದಿಂದ ಒಂದು ಗೇಣು

ವ್ಯಾಸರಾಜ ಎಸೆದ ಡಿಸ್ಕು ಗಡಿಗೆ ಕಟ್ಟಿದ ಹಗ್ಗದ ಆಚೆ ಬಿದ್ದಿತ್ತು. ಹೆಚ್ಚೇನಿಲ್ಲ, ಒಂದು ಗೇಣು. ನಾಗಪುರದ ಕೋರಾಡಿ ಕಡೆಯ ಅಷ್ಟು ದೊಡ್ಡ ಮೈದಾನದಲ್ಲಿ ಒಂದು ಗೇಣು ಯಾವ ಮೂಲೆಗೆ? ಆದರೆ ಹಗ್ಗ ದಾಟಿದರೆ ಒಂದು ಎಸೆತ ದಂಡ, ಅದೂ ಇದು ಹದಿನೆಂಟನೆಯ, ಕಟ್ಟಕಡೆಯ ಬುಟ್ಟಿ. ಅತ್ತಿತ್ತ ನೋಡಿದ. ಜೊತೆಗೆ ಆಡುತ್ತಿದ್ದ ಇಬ್ಬರೂ ದೂರದಲ್ಲಿ, ಕಳೆದುಹೋದ ಇನ್ನೊಂದು ಡಿಸ್ಕು ಹುಡುಕುತ್ತ ಪೊದೆಯೊಳಗೆ ತಲೆ ತೂರಿಸಿದ್ದರು. ವ್ಯಾಸರಾಜನ ಬಲಗಾಲಿನ ಬೂಟು ತಾನಾಗಿಯೇ ಮುಂದೆ ಹೋಗಿ ಡಿಸ್ಕನ್ನು ಮೆಲ್ಲಗೆ ಹಗ್ಗದ ಒಳಗೆ ತಳ್ಳಿತು. ಬೂಟಿನದೇ ತಪ್ಪು ಎಂದು ಬೇಕಾದರೆ ಹೇಳಬಹುದಿತ್ತು, ಯಾರಾದರೂ ಕೇಳಿದ್ದರೆ.

ಆಟವೇನೋ ಸರಳ. ತಟ್ಟೆಯಂಥ ಡಿಸ್ಕನ್ನು ಎಸೆಯುತ್ತ ಎಸೆಯುತ್ತ ಹೋಗಿ, ಸರಪಳಿ ತೂಗುಬಿಟ್ಟ ಕಬ್ಬಿಣದ ಬುಟ್ಟಿಗೆ ಬೀಳಿಸಬೇಕು. ಕಡಿಮೆ ಎಸೆತದಲ್ಲಿ ಮುಗಿಸಿದವನು ಗೆದ್ದ. ಹವ್ಯಾಸಿಗಳ ಪಂದ್ಯ, ನೂರಾ ಎಂಬತ್ತಾರು ಜನ. ವ್ಯಾಸರಾಜನಿಗೆ ಗೆಲ್ಲುವ ಹುಚ್ಚು ಇರಲಿಲ್ಲ. ಐವತ್ಮೂರರ ಹೊಟ್ಟೆ ಆ ಹುಚ್ಚನ್ನು ಎಂದೋ ಬಿಡಿಸಿತ್ತು. ಕೊನೆಯವನಾಗಬಾರದು, ಅಷ್ಟೇ. ಬೆಳಿಗ್ಗೆ ಮನೆ ಬಿಡುವಾಗಲೇ ಹೆಂಡತಿ ಪ್ರಭಾ ಅಡ್ಡ ನಿಂತು, "ಮನ್ಯಾಗ ಉಂಡ ತಾಟು ಎತ್ತಿಡ್ಲಿಕ್ಕೆ ಬರಂಗಿಲ್ಲ, ಅಲ್ಲಿ ಹೋಗಿ ತಾಟು ಒಗೀತಾರಂತ! ಕಡೀಗೆ ಬಂದ್ರ ಮಂದಿಗೆ ಮಾರಿ ಹ್ಯಾಂಗ ತೋರಸ್ತೀರಿ?" ಎಂದಿದ್ದಳು.

ಆ ಕೊನೆಯ ಸ್ಥಾನಕ್ಕೆ ಇನ್ನೊಬ್ಬ ಹಕ್ಕುದಾರರೆಂದರೆ ಉಮಾಪತಿ. ಪೊದೆಯಲ್ಲಿ ತಲೆ ತೂರಿಸಿದ್ದವರಲ್ಲಿ ಒಬ್ಬರು, ಬ್ಯಾಂಕಿನವರು, ಮೈಸೂರಿನವರು. ನಾಗಪುರಕ್ಕೆ ವರ್ಗವಾಗಿ ಬಂದ ನಾಲ್ಕು ವರ್ಷದಲ್ಲಿ ಕೇರಂ, ಬ್ಯಾಡ್ಮಿಂಟನ್, ಕನ್ನಡ ಸಂಘದ ಅಂತ್ಯಾಕ್ಷರಿ, ಒಂದನ್ನೂ ಬಿಡದೆ ವ್ಯಾಸರಾಜನನ್ನು ಸೋಲಿಸಿ, "ಪರವಾಗಿಲ್ಲ ಬಿಡಿ" ಎಂದು ಬೆನ್ನು ತಟ್ಟಿದವರು. ಸೋತದ್ದಕ್ಕಿಂತ ಆ ತಟ್ಟಿದ್ದೇ ಹೆಚ್ಚು ಉರಿಯುತ್ತಿತ್ತು. ಇವತ್ತು ಮಾತ್ರ ಹದಿನೇಳು ಬುಟ್ಟಿ ಮುಗಿದಾಗ ಇಬ್ಬರೂ ಸಮಸಮ, ಪಟ್ಟಿಯ ತಳದಲ್ಲಿ. ಉಳಿದವರೆಲ್ಲ ಆಟ ಮುಗಿಸಿ ಡೇರೆಯ ಹತ್ತಿರ ಖಾರದ ಸಾರು ಸುರಿದ ಅವಲಕ್ಕಿ, ತರ್ರಿ ಪೋಹಾ ತಿನ್ನುತ್ತಿದ್ದರು.

ಇಷ್ಟಕ್ಕೂ ವ್ಯಾಸರಾಜ ಯಾರು? ರೈಲಿನಲ್ಲಿ ಇಪ್ಪತ್ತೆಂಟು ವರ್ಷದಿಂದ ಟಿಕೆಟ್ ತಪಾಸಣೆ ಮಾಡುವವನು. "ಒಂದೇ ಸ್ಟೇಷನ್ ಸಾಹೇಬ್" ಎಂದು ಕೈಮುಗಿದವರಿಗೆ, ಒಂದಾದರೇನು ಹತ್ತಾದರೇನು, ಇಳಿ ಕೆಳಗೆ ಎಂದು ಗುಡುಗಿದವನು. ಆ ಕಥೆಗಳನ್ನು ಸಂಘದ ಎಲ್ಲ ಊಟದಲ್ಲೂ ಹೇಳಿ ಹೇಳಿ ಜನರಿಗೆ ಬೇಸರ ಬರಿಸಿದವನು. ಈಗ ಅದೇ ಮನುಷ್ಯ ಒಳಗೊಳಗೇ "ಒಂದೇ ಗೇಣು ಸಾಹೇಬ್" ಎಂದು ತನಗೆ ತಾನೇ ಕೈಮುಗಿಯುತ್ತಿದ್ದ.

ಪೊದೆಯಲ್ಲಿ ಉಮಾಪತಿಯ ಡಿಸ್ಕು ಸಿಕ್ಕಿತು. ಅವರೂ ವ್ಯಾಸರಾಜನೂ ಏಳೇಳು ಎಸೆತದಲ್ಲಿ ಮುಗಿಸಿದರು. ಊರ ಹೊರಗಿನ ಮಿಹಾನ್ ಕೈಗಾರಿಕಾ ಪ್ರದೇಶದ ಕಂಪನಿಯೊಂದರಲ್ಲಿದ್ದ ಸಂಕೇತ್ ಇವರ ಜೊತೆಯ ಮೂರನೆಯ ಆಟಗಾರ. ಫೋನಿನಲ್ಲಿ ಅಂಕ ಬರೆದುಕೊಳ್ಳುವ ಕೆಲಸ ಅವನದು. "ಅಂಕಲ್, ಇಬ್ರಿಗೂ ಏಳು. ಬರೋಬರ್?" ಎಂದ.

"ನಂಗೆ ಎಂಟು ಹಾಕಪ್ಪ," ಎಂದರು ಉಮಾಪತಿ. "ಪೊದೆಯಿಂದ ಎಸೆಯೋವಾಗ ಕಾಲು ಡಿಸ್ಕು ಬಿದ್ದ ಗುರುತು ದಾಟಿಬಿಡ್ತು. ಅದಕ್ಕೊಂದು ದಂಡ."

"ಅಯ್ಯ, ಯಾರು ನೋಡ್ಯಾರ್ರಿ? ಇರ್ಲಿ ಬಿಡ್ರಿ!" ವ್ಯಾಸರಾಜ ಅಗತ್ಯಕ್ಕಿಂತ ಜೋರಾಗಿ ಹೇಳಿದ. ತಪ್ಪಿಗೆ ಒಬ್ಬರು ಜೊತೆ ಸಿಕ್ಕರೆ ಭಾರ ಅರ್ಧವಾದೀತು ಎಂಬ ಆಸೆ ಪಾಪ.

"ನಾನೇ ನೋಡಿದ್ನಲ್ಲ," ಎಂದು ಉಮಾಪತಿ ನಕ್ಕರು. "ನಿಮ್ದು ಏಳೇ ಅಲ್ವಾ ವ್ಯಾಸರಾಜ್?"

ಹೇಳಬಹುದಿತ್ತು. ನಂದೂ ಎಂಟು ಎಂದರೆ ಇಬ್ಬರೂ ಕೂಡಿಯೇ ಕೊನೆಯವರು, ಆಕಾಶವೇನೂ ಕಳಚಿ ಬೀಳುತ್ತಿರಲಿಲ್ಲ. ವ್ಯಾಸರಾಜ ಬಾಯಿ ತೆರೆದ. "ಹೂಂ, ಏಳಽ" ಎಂದಿತು ಬಾಯಿ.

ನೂರಾ ಎಂಬತ್ತೈದನೆಯ ಸ್ಥಾನ! ಉಮಾಪತಿಗಿಂತ ಒಂದು ಮೆಟ್ಟಿಲು ಮೇಲೆ, ಜನ್ಮದಲ್ಲಿ ಮೊದಲ ಸಲ. ಆದರೂ ಸಂಕೇತ್ ಹಿಡಿದ ಫೋನಿನ ಕಡೆ ನೋಡದೆ ಡೇರೆಯತ್ತ ಹೆಜ್ಜೆ ಹಾಕಿದ.

ಡೇರೆಯ ಬಳಿ ನಿಕಿತಾ ಫೋನು ಹಿಡಿದು ಕಾಯುತ್ತಿದ್ದಳು. ಸಂಘದವರೊಬ್ಬರ ಮಗಳು, ಈ ಪಂದ್ಯ ನಡೆಸುವವರಲ್ಲಿ ಒಬ್ಬಳು. ಆಟಗಾರರ ಅನಿಸಿಕೆಗಳನ್ನು ವಿಡಿಯೋ ಮಾಡಿ, ಬಹುಮಾನದ ಹೊತ್ತಿಗೆ ದೊಡ್ಡ ಪರದೆಯ ಮೇಲೆ ತೋರಿಸುವವಳಿದ್ದಳು. ವ್ಯಾಸರಾಜ ಇದಕ್ಕಾಗಿ ಎರಡು ದಿನ ಕನ್ನಡಿಯ ಮುಂದೆ ನಿಂತು ಕನ್ನಡ, ಹಿಂದಿ, ಮರಾಠಿ ಮೂರರಲ್ಲೂ ತಯಾರಿ ಮಾಡಿದ್ದ. ಡಿಸ್ಕು ಎಸೆಯುವ ಅಭ್ಯಾಸ ಮಾಡಿದ್ದು ಒಂದೇ ದಿನ.

ಮೊದಲು ಉಮಾಪತಿ ನಿಂತರು. "ಕೊನೇ ಸ್ಥಾನ ನಂದೇ, ಯಾರೂ ಕಿತ್ಕೊಳೋಕಾಗಲ್ಲ!" ಎಂದು ಮನಸಾರೆ ನಕ್ಕರು. "ಇಲ್ಲಿ ಏನು ಇಷ್ಟ ಆಯ್ತು ಅಂದ್ರೆ, ಅವರವರ ತಪ್ಪು ಅವರವರೇ ಹೇಳ್ಕೋಬೇಕಮ್ಮ. ನಿಜ ಹೇಳ್ಲಾ? ಮೊದಲು ನಾನೂ ಸುಮ್ನಿದ್ದುಬಿಡೋಣ ಅಂತಿದ್ದೆ. ಆದ್ರೆ ಪಕ್ಕದಲ್ಲಿ ನಿಂತಿರೋರು ನಮ್ಮ ವ್ಯಾಸರಾಜ್! ರೈಲಲ್ಲಿ ಒಬ್ಬನ್ನೂ ಬಿಡದ ಮನುಷ್ಯ. ಇಂಥವರ ಎದುರಿಗೆ ಸುಳ್ಳು ಅಂಕ ಬರೆಸೋಕೆ ನಾಚಿಕೆ ಆಗ್ಬಿಡ್ತು." ಹೇಳಿ, ವ್ಯಾಸರಾಜನ ಬೆನ್ನು ತಟ್ಟಿದರು. ಪೋಹಾ ತಿನ್ನುತ್ತಿದ್ದವರೆಲ್ಲ ತಟ್ಟೆ ಕೆಳಗಿಟ್ಟು ಚಪ್ಪಾಳೆ ಹೊಡೆದರು.

ವ್ಯಾಸರಾಜನಿಗೆ ಭೂಮಿ ಬಾಯಿ ಬಿಡಬಾರದೇ ಅನಿಸಿತು. ಅಷ್ಟು ನಾಚಿಕೆ ಅವನಿಗೆ ಇಷ್ಟು ವರ್ಷದಲ್ಲಿ ಯಾವ ಸೋಲಿನಲ್ಲೂ ಆಗಿರಲಿಲ್ಲ.

"ಕಾಕಾ, ಈಗ ನೀವು," ನಿಕಿತಾ ಫೋನನ್ನು ಅವನ ಮುಖಕ್ಕೆ ಹಿಡಿದಳು. "ಜಲ್ದಿ ಹೇಳ್ರಿ, ಆಟ ಹ್ಯಾಂಗ ಅನಸ್ತು?"

ಮೂರು ಭಾಷೆಯ ಭಾಷಣವನ್ನು ಅವನು ಮಡಚಿ ಒಳಗೇ ಇಟ್ಟುಕೊಂಡ.

"ಆಟ ಚಲೋ ಅದವ್ವಾ," ಎಂದ ವ್ಯಾಸರಾಜ, ಬೂಟು ನೋಡಿಕೊಳ್ಳುತ್ತ. "ಆದ್ರ ಒಬ್ಬ ಅಂಪೈರ್ ಇರಬೇಕಾಗಿತ್ತು."