ನಾಲ್ಕನೆಯ ಶನಿವಾರದ ಕ್ಷೌರ

ಕತ್ತಿ ಗಂಟಲ ಮೇಲೆ ಬಂದು ನಿಂತಾಗ ಬಡಗಿಗೆ ಖಾತ್ರಿಯಾಯಿತು: ಇವನಿಗೆ ಗೊತ್ತಾಗಿದೆ.

ಯಾರ ಮನೆಯಲ್ಲಿ ಹಾಲು ಉಕ್ಕಿದರೂ ಮೊದಲು ಈ ಕ್ಷೌರಿಕನಿಗೆ ಗೊತ್ತಾಗಿ, ಆಮೇಲೆ ಮನೆಯವರಿಗೆ ಗೊತ್ತಾಗುತ್ತಿತ್ತು. ಅಂಥವನು ನಾಲ್ಕು ವಾರದಿಂದ ತುಟಿ ಹೊಲಿದುಕೊಂಡಿದ್ದಾನೆ. ಪ್ರತಿ ಶನಿವಾರ ಅಂಗಡಿ ತೆರೆಯುತ್ತಲೇ ಮೊದಲ ಗಿರಾಕಿಯಾಗಿ ಬರುವ ಬಡಗಿಗೆ ಸಿಗುತ್ತಿರುವುದು ಎರಡೇ ಮಾತು: "ತಲೆ ಎತ್ತಿ." "ತಲೆ ತಗ್ಗಿಸಿ."

"ಸೊರಗಿದ್ದೀನಿ ನೋಡಿ ಅಣ್ಣ," ಬಡಗಿ ಮಾತು ಎಳೆದ. "ಈಸ್ಟರ್ ಹಬ್ಬಕ್ಕೆ ಮುಂಚಿನ ತಪಸ್ಸುಕಾಲ ಅಲ್ವಾ? ಮಾಂಸ ಬಿಟ್ಟೆ, ಮೊಟ್ಟೆ ಬಿಟ್ಟೆ, ಸಿಗರೇಟೂ ಬಿಟ್ಟೆ."

"ಸಿಗರೇಟು ಮೊದಲೇ ಬಿಡ್ಬೇಕಿತ್ತು, ಮೇಸ್ತ್ರಿ."

ಹೊದಿಸಿದ ಬಟ್ಟೆಯೊಳಗೆ ಬಡಗಿ ಕುರ್ಚಿಯ ಹಿಡಿಯನ್ನು ಬಿಗಿಯಾಗಿ ಹಿಡಿದ. ಆರು ವರ್ಷದ ಹಿಂದೆ ಇವನ ಹಳೆಯ ಅಂಗಡಿಗೆ ಕಪಾಟು ಕೂರಿಸಿ, ಮರದ ಹೊಟ್ಟಿನ ರಾಶಿಯ ಪಕ್ಕ ಉರಿಯುವ ಸಿಗರೇಟು ಮರೆತು ಹೋದವನು ಅವನೇ. ಅಂಗಡಿ ಬೂದಿಯಾಯಿತು. ಅಂದು ಬೀಗ ಹಾಕಿದ್ದು ಕ್ಷೌರಿಕನ ತಮ್ಮ. ನೀರು ಕಾಸುವ ಒಲೆ ಆರಿಸದೆ ಹೋದ ಎಂದು ತಪ್ಪೆಲ್ಲ ಅವನ ತಲೆಗೇ ಬಂತು. ಅಣ್ಣ ಅವನನ್ನು ಮನೆಯಿಂದಲೇ ಹೊರಹಾಕಿದ. ಅವರಮ್ಮ ಸತ್ತಾಗ ಆ ತಮ್ಮ ಬೀದಿಯ ಆಚೆಬದಿ ನಿಂತು ಶವಪೆಟ್ಟಿಗೆ ಹೋಗುವುದನ್ನು ನೋಡಿದ. ಆ ಪೆಟ್ಟಿಗೆ ಮಾಡಿದ್ದೂ ಬಡಗಿಯೇ. ಕೂದಲೆಳೆಯಷ್ಟೂ ಸಂದಿಲ್ಲದ ಕೆಲಸ ಎಂದು ಎಲ್ಲರೂ ಹೊಗಳಿದ್ದರು.

"ಏನೂ ಸುದ್ದಿ ಇಲ್ವಾ, ಅಣ್ಣ?"

"ರಾಶಿ ಇದೆ. ಹೇಳೋ ದಿನ ಬರ್ಲಿ, ಎಲ್ಲರ ಮುಂದೇನೇ ಹೇಳ್ತೀನಿ." ಕತ್ತಿ ಗದ್ದದ ಕೆಳಗೆ ಜಾರಿತು. "ಅಲ್ಲಾಡ್ಬೇಡಿ. ಕುತ್ತಿಗೆ ಯಾಕೆ ಇಷ್ಟು ಬಿಗಿ?"

ಬಡಗಿ ಕಣ್ಣು ಮುಚ್ಚಿ ಒಂದೇ ಉಸಿರಿಗೆ ಹೇಳಿಬಿಟ್ಟ.

"ಆ ಬೆಂಕಿ ನನ್ನ ಸಿಗರೇಟಿಂದು, ಅಣ್ಣ! ನಿಮ್ಮ ತಮ್ಮಂದು ಏನೂ ತಪ್ಪಿಲ್ಲ. ಆರು ವರ್ಷ ಬಾಯಿ ಮುಚ್ಕೊಂಡು ಚರ್ಚಿನ ಬಲಿಪೂಜೆಗೆ ಬಂದೆ. ಇನ್ನಾಗಲ್ಲ. ಕೊಯ್ಯೋದಿದ್ರೆ ಕೊಯ್ದುಬಿಡಿ!"

ಕತ್ತಿ ಬೇಸಿನ್ನಿಗೆ ಬಿದ್ದು ಟಣ್ ಎಂದಿತು. ಕ್ಷೌರಿಕ ಬೆಂಚಿನ ಮೇಲೆ ಕುಸಿದ. ಆಮೇಲೆ ಎದ್ದು, ಫೋನಿನಲ್ಲಿ ಒಂದು ನಂಬರ್ ಒತ್ತಿ, ನೊರೆ ಹತ್ತಿದ್ದ ಬಡಗಿಯ ಕಿವಿಗೆ ಹಿಡಿದ.

"ನನಗಲ್ಲ. ನನ್ನ ತಮ್ಮನಿಗೆ ಹೇಳಿ."

ಆ ಕಡೆ ರಿಂಗಾಗುತ್ತಿತ್ತು.

"ಇದು ನಿಮಗೆ ಯಾವಾಗ ಗೊತ್ತಾಯ್ತಣ್ಣ?" ಬಡಗಿ ಪಿಸುಗುಟ್ಟಿದ.

"ಈಗ," ಎಂದ ಕ್ಷೌರಿಕ. "ನಾನು ಈಸ್ಟರ್ ತನಕ ಹರಟೆ ಬಿಟ್ಟಿದ್ದೆ, ಅಷ್ಟೇ."